ಮುಲ್ತಾನಿನ 194: ಸಚಿನ್ ಪಕ್ಷ, ದ್ರಾವಿಡ್ ಪಕ್ಷ ಮತ್ತು ಸರಣಿಯ ಲೆಕ್ಕ

ಸಾಂಗ್ಲಿ-ಮಿರಜ ಭಾಗದಲ್ಲಿ ಕ್ರಿಕೆಟ್ ಮಾತು ಶುರುವಾದರೆ ಎರಡು ಪಕ್ಷ ಆಗಲು ಹೆಚ್ಚು ಹೊತ್ತು ಬೇಕಾಗಿಲ್ಲ. ಒಂದು ಸಚಿನ್ ತೆಂಡೂಲ್ಕರ್ ಪಕ್ಷ, ಇನ್ನೊಂದು ರಾಹುಲ್ ದ್ರಾವಿಡ್ ಪಕ್ಷ. ಇಬ್ಬರೂ ನಿವೃತ್ತರಾಗಿ ವರ್ಷಗಳೇ ಕಳೆದಿವೆ. ದ್ರಾವಿಡ್ 2012ರಲ್ಲಿ, ಸಚಿನ್ 2013ರಲ್ಲಿ ಟೆಸ್ಟ್ ಕ್ರಿಕೆಟ್ ಬಿಟ್ಟರು. ಆದರೂ ಒಂದು ಜಗಳ ಮಾತ್ರ ಇನ್ನೂ ಹಳತಾಗಿಲ್ಲ. 2004ರ ಮಾರ್ಚ್ 29ರಂದು ಮುಲ್ತಾನಿನಲ್ಲಿ ಸಚಿನ್ 194 ರನ್ ಗಳಿಸಿ ಆಡುತ್ತಿದ್ದಾಗ ನಾಯಕ ದ್ರಾವಿಡ್ ಇನ್ನಿಂಗ್ಸ್ ಡಿಕ್ಲೇರ್ ಮಾಡಿದ್ದು ಸರಿಯೋ ತಪ್ಪೋ? ಭಾರತ ಆ ಸರಣಿ ಗೆದ್ದಿದ್ದು ಅದರಿಂದಲೋ, ಅದಿಲ್ಲದಿದ್ದರೂ ಗೆಲ್ಲುತ್ತಿತ್ತೋ?

ವಾದ ಮಾಡುವವರ ಕೈಯಲ್ಲಿ ಅಂಕಿ-ಅಂಶ ಇರಲಿ ಎಂದು ಆ ಸರಣಿಯ ಪೂರ್ಣ ವಿವರ ಇಲ್ಲಿದೆ.

ಅಂದು ನಡೆದದ್ದೇನು?

ಪಾಕಿಸ್ತಾನ ಪ್ರವಾಸದ ಮೊದಲ ಟೆಸ್ಟ್ ಮಾರ್ಚ್ 28ರಂದು ಮುಲ್ತಾನಿನಲ್ಲಿ ಆರಂಭವಾಯಿತು. ಬೆನ್ನು ನೋವಿನಿಂದಾಗಿ ಸೌರವ್ ಗಂಗೂಲಿ ಮೊದಲ ಎರಡು ಟೆಸ್ಟ್ ಆಡಲಿಲ್ಲ. ಹೀಗಾಗಿ ತಂಡದ ಹೊಣೆ ದ್ರಾವಿಡ್ ಮೇಲೆ ಬಂತು. ವೀರೇಂದ್ರ ಸೆಹ್ವಾಗ್ 309 ರನ್ ಹೊಡೆದರು. ಟೆಸ್ಟ್‌ನಲ್ಲಿ ಭಾರತೀಯನೊಬ್ಬ ತ್ರಿಶತಕ ಬಾರಿಸಿದ್ದು ಅದೇ ಮೊದಲು. ಸೆಹ್ವಾಗ್ ಮತ್ತು ಸಚಿನ್ ಮೂರನೇ ವಿಕೆಟ್‌ಗೆ 336 ರನ್ ಸೇರಿಸಿದರು.

ಎರಡನೇ ದಿನ ಚಹಾ ವಿರಾಮದ ನಂತರ ಸಚಿನ್ ಜತೆ ಯುವರಾಜ್ ಸಿಂಗ್ ಆಡುತ್ತಿದ್ದರು. ಯುವರಾಜ್ 59 ರನ್‌ಗೆ ಔಟಾದ ಕೂಡಲೇ ದ್ರಾವಿಡ್ ಡಿಕ್ಲೇರ್ ಮಾಡಿದರು. ಆಗ ಭಾರತದ ಮೊತ್ತ 5 ವಿಕೆಟ್‌ಗೆ 675. ಸಚಿನ್ ಔಟಾಗದೆ 194. ದ್ವಿಶತಕಕ್ಕೆ ಬೇಕಿದ್ದದ್ದು ಕೇವಲ 6 ರನ್. ಆ ದಿನದ ಆಟದಲ್ಲಿ ಇನ್ನೂ ಸುಮಾರು 16 ಓವರ್ ಉಳಿದಿದ್ದವು.

ತಮಗೆ ನಿರಾಸೆಯಾಗಿದೆ ಎಂದು ಸಚಿನ್ ಅಂದೇ ಪತ್ರಕರ್ತರ ಮುಂದೆ ಹೇಳಿದರು. ಜಗಳ ಹುಟ್ಟಿದ್ದು ಅಲ್ಲಿಂದ. ಮರಾಠಿ ಪತ್ರಿಕೆಯ 'ಡಾವ್ ಘೋಷಿತ', ಕನ್ನಡ ಪತ್ರಿಕೆಯ 'ಇನ್ನಿಂಗ್ಸ್ ಡಿಕ್ಲೇರ್' ಎರಡನ್ನೂ ಓದಬಲ್ಲ ಗಡಿನಾಡಿನವರಿಗೆ ವಾದ ಮಾಡಲು ಎರಡು ಭಾಷೆಯ ಸರಕು ಸಿಕ್ಕಿತು.

ಸರಣಿಯ ಫಲಿತಾಂಶ

ಮೊದಲ ಟೆಸ್ಟ್, ಮುಲ್ತಾನ್, ಮಾರ್ಚ್ 28ರಿಂದ ಏಪ್ರಿಲ್ 1: ಭಾರತ 5ಕ್ಕೆ 675 ಡಿಕ್ಲೇರ್. ಪಾಕಿಸ್ತಾನ 407 ಮತ್ತು 216. ಭಾರತಕ್ಕೆ ಇನ್ನಿಂಗ್ಸ್ ಮತ್ತು 52 ರನ್ ಜಯ. ಪಾಕಿಸ್ತಾನದ ನೆಲದಲ್ಲಿ ಭಾರತಕ್ಕೆ ಇದು ಮೊಟ್ಟಮೊದಲ ಟೆಸ್ಟ್ ಗೆಲುವು.

ಎರಡನೇ ಟೆಸ್ಟ್, ಲಾಹೋರ್, ಏಪ್ರಿಲ್ 5ರಿಂದ 8: ಭಾರತ 287 ಮತ್ತು 241. ಪಾಕಿಸ್ತಾನ 489 ಮತ್ತು 1ಕ್ಕೆ 40. ಪಾಕಿಸ್ತಾನಕ್ಕೆ 9 ವಿಕೆಟ್ ಜಯ.

ಮೂರನೇ ಟೆಸ್ಟ್, ರಾವಲ್ಪಿಂಡಿ, ಏಪ್ರಿಲ್ 13ರಿಂದ 16: ಪಾಕಿಸ್ತಾನ 224 ಮತ್ತು 245. ಭಾರತ 600. ಭಾರತಕ್ಕೆ ಇನ್ನಿಂಗ್ಸ್ ಮತ್ತು 131 ರನ್ ಜಯ.

ಸರಣಿ 2-1ರಿಂದ ಭಾರತದ ಪಾಲಾಯಿತು. ಪಾಕಿಸ್ತಾನದಲ್ಲಿ ಭಾರತ ಗೆದ್ದ ಮೊದಲ ಟೆಸ್ಟ್ ಸರಣಿ ಇದು. ಸೆಹ್ವಾಗ್ ಸರಣಿಶ್ರೇಷ್ಠರಾದರು.

ಸಚಿನ್ ಪಕ್ಷದವರ ವಾದ

ಇವರ ಮೊದಲ ಮಾತು ಸಮಯದ್ದು. ಪಾಕಿಸ್ತಾನ ಫಾಲೋಆನ್ ಪಡೆದು ನಾಲ್ಕನೇ ದಿನದ ಕೊನೆಗೇ 9 ವಿಕೆಟ್ ಕಳೆದುಕೊಂಡಿತ್ತು. ಐದನೇ ದಿನ ಬೆಳಿಗ್ಗೆ ಆಟ ಶುರುವಾಗುತ್ತಲೇ ಪಂದ್ಯ ಮುಗಿಯಿತು. ಅಂದರೆ ಹೆಚ್ಚುಕಡಿಮೆ ಒಂದು ಇಡೀ ದಿನ ಉಳಿದಿತ್ತು. ಇಷ್ಟು ಸಮಯ ಕೈಯಲ್ಲಿದ್ದಾಗ ಇನ್ನೊಂದೆರಡು ಓವರ್ ಕಾಯಲು ಏನು ಕಷ್ಟವಿತ್ತು ಎಂಬುದು ಇವರ ಪ್ರಶ್ನೆ.

ಎರಡನೆಯದು ತಿಳಿಸಿದ ರೀತಿಯದು. ಸಚಿನ್ 2014ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಈ ಪ್ರಸಂಗವನ್ನು ಬರೆದಿದ್ದಾರೆ. ದಿನದ ಕೊನೆಗೆ ಪಾಕಿಸ್ತಾನಕ್ಕೆ ಸುಮಾರು 15 ಓವರ್ ಆಡಲು ಕೊಡುವುದು ಎಂದು ಚಹಾ ವಿರಾಮದಲ್ಲಿ ಮಾತಾಗಿತ್ತು. ನಂತರ ರಮೇಶ್ ಪೊವಾರ್ ಮೈದಾನಕ್ಕೆ ಬಂದು ಬೇಗ ಆಡಲು ಹೇಳಿದರು. ಕೊನೆಗೆ ಇದೇ ಓವರಿನಲ್ಲಿ ದ್ವಿಶತಕ ಮುಗಿಸಬೇಕು ಎಂಬ ಸಂದೇಶ ಬಂತು. ಆದರೆ ಆ ಓವರಿನಲ್ಲಿ ಬ್ಯಾಟು ಬೀಸುವ ಸರದಿ ಯುವರಾಜ್ ಅವರದ್ದಾಗಿತ್ತು. ಇದು ಸಚಿನ್ ಕೊಟ್ಟ ವಿವರ.

ದ್ರಾವಿಡ್ ಪಕ್ಷದವರ ವಾದ

ಇವರು ಮೊದಲು ಎತ್ತುವುದು ಪಿಚ್ ಮಾತು. ಎರಡು ದಿನದಲ್ಲಿ 675 ರನ್ ಬಂದಿತ್ತು, ಬಿದ್ದದ್ದು ಐದೇ ವಿಕೆಟ್. ಅಂಥ ಪಿಚ್ಚಿನಲ್ಲಿ ಎದುರಾಳಿಯ 20 ವಿಕೆಟ್ ಕೀಳಲು ಎಷ್ಟು ಹೊತ್ತು ಬೇಕಾದೀತು ಎಂದು ಎರಡನೇ ದಿನದ ಸಂಜೆ ಯಾರಿಗೂ ಗೊತ್ತಿರಲಿಲ್ಲ. ಆ ಸಂಜೆಯ 16 ಓವರಿನಲ್ಲಿ ಪಾಕಿಸ್ತಾನದ ಒಂದು ವಿಕೆಟ್ಟೂ ಬೀಳಲಿಲ್ಲ. ಮೂರನೇ ದಿನ ಪೂರ್ತಿ ಬೌಲಿಂಗ್ ಮಾಡಿದರೂ ಬಿದ್ದದ್ದು ಆರೇ ವಿಕೆಟ್. ಆರನೆಯದು ಕೂಡ ದಿನದ ಕೊನೆಯ ಎಸೆತದಲ್ಲಿ. ಆ ವಿಕೆಟ್ ಪಡೆದವರು ಸ್ವತಃ ಸಚಿನ್ ಎಂಬುದನ್ನು ಇಲ್ಲಿ ನೆನೆಯಬೇಕು. ಮೊಯಿನ್ ಖಾನ್ ಅವರ ಕಾಲ ನಡುವೆ ಚೆಂಡು ನುಗ್ಗಿಸಿ ಬೌಲ್ಡ್ ಮಾಡಿದ್ದರು.

ಇವರ ಎರಡನೇ ಸಾಕ್ಷಿ ಸಿಡ್ನಿ. ಅದಕ್ಕೆ ಮೂರು ತಿಂಗಳು ಹಿಂದೆ, 2004ರ ಜನವರಿಯಲ್ಲಿ, ಆಸ್ಟ್ರೇಲಿಯಾ ವಿರುದ್ಧದ ಸರಣಿ 1-1 ಆಗಿತ್ತು. ಕೊನೆಯ ಟೆಸ್ಟ್‌ನಲ್ಲಿ ಭಾರತ 7ಕ್ಕೆ 705 ಗಳಿಸಿತು, ಅದರಲ್ಲಿ ಸಚಿನ್ ಔಟಾಗದೆ 241. ಆಸ್ಟ್ರೇಲಿಯಾ 474ಕ್ಕೆ ಮುಗಿದರೂ ಫಾಲೋಆನ್ ಕೊಡದೆ ಭಾರತ ಮತ್ತೆ ಬ್ಯಾಟ್ ಮಾಡಿತು. ಕೊನೆಗೆ 443 ರನ್ ಗುರಿ ಪಡೆದ ಆಸ್ಟ್ರೇಲಿಯಾ 6ಕ್ಕೆ 357 ಮಾಡಿ ಪಂದ್ಯ ಉಳಿಸಿಕೊಂಡಿತು. ನಾಲ್ಕು ವಿಕೆಟ್ ಬಾಕಿ ಇದ್ದಾಗ ಸಮಯ ಮುಗಿಯಿತು. ಆಸ್ಟ್ರೇಲಿಯಾದಲ್ಲಿ ಸರಣಿ ಗೆಲ್ಲುವ ಅವಕಾಶ ಕೈತಪ್ಪಿತು.

ಅದೇ ಸಿಡ್ನಿಯ ಎರಡನೇ ಇನ್ನಿಂಗ್ಸ್‌ನಲ್ಲಿ ಗಂಗೂಲಿ ಡಿಕ್ಲೇರ್ ಮಾಡಿದಾಗ ಔಟಾಗದೆ 91ರಲ್ಲಿ ಇದ್ದವರು ಯಾರು? ರಾಹುಲ್ ದ್ರಾವಿಡ್. ತನ್ನ ಶತಕಕ್ಕೆ ಕಾಯದ ತಂಡ ಇನ್ನೊಬ್ಬರ ದ್ವಿಶತಕಕ್ಕೂ ಕಾಯಬೇಕಿಲ್ಲ ಎಂಬುದು ಈ ಪಕ್ಷದವರ ಗಟ್ಟಿ ಮಾತು.

ಲೆಕ್ಕ ಏನು ಹೇಳುತ್ತದೆ?

ಇಲ್ಲಿ ಎರಡು ಬೇರೆ ಪ್ರಶ್ನೆಗಳು ಕಲೆತುಹೋಗಿವೆ. ಆ ಡಿಕ್ಲೇರ್‌ನಿಂದ ಸರಣಿ ಬಂತೇ ಎಂಬುದು ಒಂದು. ಅದು ಸಚಿನ್‌ಗೆ ಸಲ್ಲಬೇಕಾದ ರೀತಿಯಲ್ಲಿ ನಡೆಯಿತೇ ಎಂಬುದು ಇನ್ನೊಂದು.

ಮೊದಲನೆಯದಕ್ಕೆ ಅಂಕಿಗಳು ಉತ್ತರ ಕೊಡುತ್ತವೆ. ಉಳಿದಿದ್ದ ಸಮಯ ನೋಡಿದರೆ ಇನ್ನೆರಡು ಓವರ್ ಆಡಿದ್ದರಿಂದ ಮುಲ್ತಾನ್ ಗೆಲುವು ತಪ್ಪುತ್ತಿತ್ತು ಎನ್ನಲಾಗದು. ಆದರೆ ಇದು ಐದನೇ ದಿನ ಗೊತ್ತಾದ ಸಂಗತಿ. ದ್ರಾವಿಡ್ ನಿರ್ಧಾರ ತೆಗೆದುಕೊಂಡದ್ದು ಎರಡನೇ ದಿನ. ಟೆಸ್ಟ್ ಗೆಲ್ಲಲು 20 ವಿಕೆಟ್ ಬೇಕು. ಆ 20 ವಿಕೆಟ್‌ಗಳಲ್ಲಿ ಎಂಟನ್ನು ಬೆಂಗಳೂರಿನ ಅನಿಲ್ ಕುಂಬ್ಳೆ ಪಡೆದರು. ಎರಡನೇ ಇನ್ನಿಂಗ್ಸ್‌ನಲ್ಲಿ ಅವರದು 72ಕ್ಕೆ 6. ಮೊದಲ ಇನ್ನಿಂಗ್ಸ್‌ನಲ್ಲಿ ಇರ್ಫಾನ್ ಪಠಾಣ್ 4 ವಿಕೆಟ್ ಕಿತ್ತರು. 194ರ ಜಗಳದಲ್ಲಿ ಈ ಬೌಲರ್‌ಗಳ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ.

ಸರಣಿ ತೀರ್ಮಾನವಾದದ್ದಂತೂ ರಾವಲ್ಪಿಂಡಿಯಲ್ಲಿ. 1-1 ಆಗಿದ್ದಾಗ ಅಲ್ಲಿ ದ್ರಾವಿಡ್ 495 ಎಸೆತ ಆಡಿ 270 ರನ್ ಮಾಡಿದರು. ಅದು ಅವರ ಟೆಸ್ಟ್ ಜೀವನದ ಅತ್ಯಧಿಕ ಮೊತ್ತ. ಆ ಟೆಸ್ಟ್‌ಗೆ ಗಂಗೂಲಿ ಮರಳಿದ್ದರಿಂದ ದ್ರಾವಿಡ್ ನಾಯಕರಾಗಿರಲಿಲ್ಲ.

ಎರಡನೇ ಪ್ರಶ್ನೆಗೆ ಸ್ಕೋರ್‌ಕಾರ್ಡ್‌ನಲ್ಲಿ ಉತ್ತರವಿಲ್ಲ. ನಿಯಮದ ಪ್ರಕಾರ ಡಿಕ್ಲೇರ್ ಮಾಡುವ ಹಕ್ಕು ನಾಯಕನದ್ದು, ಯಾವ ಆಟಗಾರನ ಒಪ್ಪಿಗೆಯೂ ಬೇಕಾಗಿಲ್ಲ. ಆದರೆ ಹಕ್ಕಿನ ಮಾತು ಬೇರೆ, ತಿಳಿಸುವ ರೀತಿಯ ಮಾತು ಬೇರೆ. ಸಚಿನ್ ಎರಡನೆಯದರ ಬಗ್ಗೆಯೂ ದೂರಿದ್ದಾರೆ. ಅವರಿಬ್ಬರ ಸ್ನೇಹ ಅದರಿಂದ ಮುರಿಯಲಿಲ್ಲ ಎಂದೂ ಅವರೇ ಬರೆದಿದ್ದಾರೆ. ಅದೇ 2004ರ ಡಿಸೆಂಬರ್‌ನಲ್ಲಿ ಢಾಕಾದಲ್ಲಿ ಸಚಿನ್ ಔಟಾಗದೆ 248 ಹೊಡೆದರು. ಟೆಸ್ಟ್‌ನಲ್ಲಿ ಸಚಿನ್ ದ್ವಿಶತಕ ಒಟ್ಟು 6, ದ್ರಾವಿಡ್ ದ್ವಿಶತಕ 5.

ಭಾಷೆಯನ್ನು ನಡುವೆ ತಂದರೆ

ಗಡಿಭಾಗದಲ್ಲಿ ಈ ವಾದ ಕಾವೇರಿದಾಗ 'ಕನ್ನಡದವ ಮರಾಠಿಯವನಿಗೆ ಹೀಗೆ ಮಾಡಿದ' ಎಂಬ ಮಾತು ಬರುವುದುಂಟು. ಗಡಿ ತಕರಾರು ಕೇಳುತ್ತಲೇ ಬೆಳೆದ ಊರುಗಳಲ್ಲಿ ಇಂಥ ಮಾತು ಬೇಗ ಬೆಂಕಿಯಾಗುತ್ತದೆ. ಆದರೆ ಈ ಮಾತಿಗೆ ಬುಡವೇ ಇಲ್ಲ. ದ್ರಾವಿಡ್ ಹುಟ್ಟಿದ್ದು 1973ರಲ್ಲಿ ಇಂದೋರಿನಲ್ಲಿ, ಮರಾಠಿ ಮಾತಾಡುವ ಮನೆತನದಲ್ಲಿ. ಬೆಳೆದದ್ದು, ಕಲಿತದ್ದು, ಆಡಿದ್ದು ಬೆಂಗಳೂರಿನಲ್ಲಿ. ಮನೆಯಲ್ಲಿ ಒಂದು ಭಾಷೆ, ಹೊರಗೆ ಇನ್ನೊಂದು. ಮಿರಜ, ಜತ್, ಅಥಣಿ, ಕಾಗವಾಡದ ಎಷ್ಟೋ ಮನೆಗಳ ಕಥೆಯೂ ಇದೇ.

ತಂಡದ ಲೆಕ್ಕವೂ ಅಷ್ಟೇ. ಮಹಾರಾಷ್ಟ್ರದಿಂದ ರಣಜಿ ಟ್ರೋಫಿಗೆ ಮುಂಬೈ, ಮಹಾರಾಷ್ಟ್ರ, ವಿದರ್ಭ ಎಂಬ ಮೂರು ತಂಡಗಳಿವೆ. ಸಚಿನ್ ಆಡಿದ್ದು ಮುಂಬೈಗೆ. ಸಾಂಗ್ಲಿ ಜಿಲ್ಲೆ ಬರುವುದು ಮಹಾರಾಷ್ಟ್ರ ತಂಡದ ವ್ಯಾಪ್ತಿಗೆ. ರಣಜಿಯಲ್ಲಿ ಮುಂಬೈ ಸಾಂಗ್ಲಿಗೂ ಎದುರಾಳಿಯೇ.

ವಾದದಲ್ಲಿ ಬರುವ ಇತರ ಪ್ರಶ್ನೆಗಳು

1999ರ ಭಾರತ-ಪಾಕಿಸ್ತಾನ ಸರಣಿ ಯಾರದ್ದು? ಅಧಿಕೃತ ಲೆಕ್ಕ 1-1. ಚೆನ್ನೈಯಲ್ಲಿ ಸಚಿನ್ 136 ಹೊಡೆದರೂ ಭಾರತ 12 ರನ್‌ನಿಂದ ಸೋತಿತು. ದೆಹಲಿಯಲ್ಲಿ ಕುಂಬ್ಳೆ 74 ರನ್‌ಗೆ ಹತ್ತೂ ವಿಕೆಟ್ ಪಡೆದು 212 ರನ್‌ನಿಂದ ಗೆಲ್ಲಿಸಿದರು. ನಂತರ ಕೋಲ್ಕತದಲ್ಲಿ ಪಾಕಿಸ್ತಾನ 46 ರನ್‌ನಿಂದ ಗೆದ್ದ ಟೆಸ್ಟ್ ಏಷ್ಯನ್ ಟೆಸ್ಟ್ ಚಾಂಪಿಯನ್‌ಶಿಪ್‌ನ ಪಂದ್ಯ. ಅದು ಈ ಸರಣಿಗೆ ಸೇರುವುದಿಲ್ಲ. ಆ ಪಂದ್ಯದಲ್ಲಿ ಜಾವಗಲ್ ಶ್ರೀನಾಥ್ 13 ವಿಕೆಟ್ ಪಡೆದಿದ್ದರು.

1971ರ ಇಂಗ್ಲೆಂಡ್ ಸರಣಿ ಮುಂಬೈಯದ್ದೋ ಕರ್ನಾಟಕದ್ದೋ? ಎರಡರದ್ದೂ. ನಾಯಕ ಮುಂಬೈಯ ಅಜಿತ್ ವಾಡೇಕರ್. ಓವಲ್‌ನಲ್ಲಿ 38ಕ್ಕೆ 6 ವಿಕೆಟ್ ಪಡೆದು ಇಂಗ್ಲೆಂಡನ್ನು 101ಕ್ಕೆ ಮುಗಿಸಿದವರು ಕರ್ನಾಟಕದ ಬಿ.ಎಸ್. ಚಂದ್ರಶೇಖರ್. ಸರಣಿ 1-0.

ಗಾವಸ್ಕರ್ ದೊಡ್ಡವರೋ ವಿಶ್ವನಾಥ್ ದೊಡ್ಡವರೋ? ಹಿರಿಯರ ಈ ವಾದಕ್ಕೆ 1976ರ ಪೋರ್ಟ್ ಆಫ್ ಸ್ಪೇನ್ ಟೆಸ್ಟ್ ಸಾಕು. 403 ರನ್ ಗುರಿಯನ್ನು ಭಾರತ ಮುಟ್ಟಿದಾಗ ಗಾವಸ್ಕರ್ 102, ವಿಶ್ವನಾಥ್ 112. ಆದರೂ ವೆಸ್ಟ್ ಇಂಡೀಸ್ ಆ ಸರಣಿಯನ್ನು 2-1ರಿಂದ ಗೆದ್ದಿತು. ವಿಶ್ವನಾಥ್ ಅವರ ಪತ್ನಿ ಗಾವಸ್ಕರ್ ಅವರ ತಂಗಿ. ಅಭಿಮಾನಿಗಳು ಜಗಳವಾಡುತ್ತಿದ್ದರೆ ಇವರು ಬೀಗರಾಗಿದ್ದರು.

ಸಾಂಗ್ಲಿಯ ಹಜಾರೆ

ಸ್ವಂತ ರನ್ ಬೇರೆ, ತಂಡದ ಫಲಿತಾಂಶ ಬೇರೆ ಎಂಬುದಕ್ಕೆ ಸಾಂಗ್ಲಿಯ ಉದಾಹರಣೆಯೇ ಇದೆ. 1915ರ ಮಾರ್ಚ್ 11ರಂದು ಸಾಂಗ್ಲಿಯಲ್ಲಿ ಹುಟ್ಟಿದ ವಿಜಯ್ ಹಜಾರೆ 1948ರ ಜನವರಿಯಲ್ಲಿ ಅಡಿಲೇಡ್ ಟೆಸ್ಟ್‌ನಲ್ಲಿ 116 ಮತ್ತು 145 ಹೊಡೆದರು. ಒಂದೇ ಟೆಸ್ಟ್‌ನ ಎರಡೂ ಇನ್ನಿಂಗ್ಸ್‌ನಲ್ಲಿ ಶತಕ ಬಾರಿಸಿದ ಮೊದಲ ಭಾರತೀಯ ಅವರು. ಆದರೆ ಬ್ರಾಡ್‌ಮನ್ ತಂಡದ ಎದುರು ಭಾರತ ಆ ಪಂದ್ಯವನ್ನು ಇನ್ನಿಂಗ್ಸ್ ಅಂತರದಿಂದ ಸೋತಿತು. ಸರಣಿಯೂ 0-4ರಿಂದ ಹೋಯಿತು. ನಾಲ್ಕು ವರ್ಷದ ನಂತರ, 1952ರ ಫೆಬ್ರುವರಿಯಲ್ಲಿ, ಮದ್ರಾಸಿನಲ್ಲಿ ಇಂಗ್ಲೆಂಡನ್ನು ಸೋಲಿಸಿ ಭಾರತ ತನ್ನ ಮೊದಲ ಟೆಸ್ಟ್ ಗೆದ್ದಾಗ ನಾಯಕರಾಗಿದ್ದವರು ಅದೇ ಹಜಾರೆ. ಆ ಪಂದ್ಯ ಗೆಲ್ಲಿಸಿದ್ದು ವಿನೂ ಮಂಕಡ್ ಅವರ 12 ವಿಕೆಟ್. ಸರಣಿ 1-1ರಿಂದ ಸಮವಾಯಿತು.

ಹಜಾರೆ ಹೆಸರಿನ ಏಕದಿನ ಟ್ರೋಫಿಯನ್ನು ಕರ್ನಾಟಕ 2024-25ರ ವರೆಗೆ ಐದು ಬಾರಿ ಗೆದ್ದಿದೆ. ಸಾಂಗ್ಲಿಯಲ್ಲಿ ಬೆಳೆದು ಮಹಾರಾಷ್ಟ್ರಕ್ಕೆ ಆಡಿದ ಸ್ಮೃತಿ ಮಂಧಾನ 2024ರಲ್ಲಿ ಬೆಂಗಳೂರಿನ ಮಹಿಳಾ ತಂಡಕ್ಕೆ ಪ್ರೀಮಿಯರ್ ಲೀಗ್ ಪ್ರಶಸ್ತಿ ಗೆದ್ದುಕೊಟ್ಟ ನಾಯಕಿ. ಸಾಂಗ್ಲಿಯ ಆಟಗಾರ್ತಿ ಗೆದ್ದರೆ ಬೆಂಗಳೂರಿಗೆ ಹಬ್ಬ. ಮುಂದಿನ ಸಲ 194ರ ಜಗಳ ಭಾಷೆಯ ಕಡೆಗೆ ಹೊರಳಿದರೆ ಈ ಒಂದು ಮಾತು ನೆನಪಿಗೆ ಇರಲಿ.