ಉತ್ತರಮೇರೂರಿನ ಶಾಸನಗಳಲ್ಲಿ ಅರ್ಥಶೌಚದ ಪರೀಕ್ಷೆ

ಚೋಳರಾಜನಾದ ಒಂದನೆಯ ಪರಾಂತಕನ ಆಳಿಕೆಯ 12 ಮತ್ತು 14ನೆಯ ವರ್ಷಗಳಲ್ಲಿ, ಎಂದರೆ ಕ್ರಿ. ಶ. 919 ಮತ್ತು 921ರಲ್ಲಿ, ಕಂಚಿಯ ಸೀಮೆಯ ಉತ್ತರಮೇರೂರಿನ ಮಹಾಸಭೆಯವರು ಬರೆಯಿಸಿದ ಎರಡು ಶಾಸನಗಳು ವಿದ್ವಾಂಸರಿಗೆ ಸುಪರಿಚಿತವಾಗಿವೆ. ಅವುಗಳಲ್ಲಿ ವಿಧಿಸಿರುವ ಕುಡವೋಲೆಯ ಪದ್ಧತಿಯನ್ನು ಇಂದಿನ ಚುನಾವಣೆಗೆ ಸಮಾನವೆಂದು ಕೊಂಡಾಡುವವರು ಬಹುಮಂದಿ. ಈ ಸಾಮ್ಯವು ನಮಗೆ ಸಮ್ಮತವಲ್ಲ. ಊರಿನ 30 ಕುಡುಂಬುಗಳಿಂದ ಬಂದ ಹೆಸರಿನ ಓಲೆಗಳನ್ನು ಕೊಡದಲ್ಲಿ ಹಾಕಿ, ಒಳಗಿರುವುದೇನೆಂದರಿಯದ ಬಾಲಕನಿಂದ ಎತ್ತಿಸುತ್ತಿದ್ದರು. ವಿವೇಚನೆಯೆಲ್ಲವೂ ಓಲೆಯು ಕೊಡವನ್ನು ಸೇರುವುದಕ್ಕೆ ಮುಂಚೆಯೇ ಮುಗಿದಿರಬೇಕು. ಆದುದರಿಂದ ಅಭ್ಯರ್ಥಿಯ ಗುಣದೋಷಗಳನ್ನು ಸಭೆಯವರು ತಿಳಿಯುತ್ತಿದ್ದ ಬಗೆ ಯಾವುದೆಂಬುದೇ ಇಲ್ಲಿ ವಿಚಾರಾರ್ಹವಾದುದು.

ತೆರಿಗೆ ತೆರುವ ಭೂಮಿ, ಸ್ವಂತ ನಿವೇಶನದಲ್ಲಿ ಕಟ್ಟಿದ ಮನೆ, ವಯಸ್ಸು, ಮಂತ್ರಬ್ರಾಹ್ಮಣಗಳ ಅಧ್ಯಯನ ಇವು ಊರಿಗೆಲ್ಲ ಕಾಣುವ ಸಂಗತಿಗಳು. ಶಾಸನವಾದರೋ ಅರ್ಥಶೌಚ ಆತ್ಮಶೌಚಗಳನ್ನೂ ಬೇಡುತ್ತದೆ. ಒಬ್ಬನ ಹಣವು ಶುದ್ಧವೆಂದು ಅರಿಯುವುದೆಂತು? ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಿಂದ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಮಾತ್ಯರ ಶೌಚವನ್ನು ಉಪಧೆಗಳಿಂದ, ಎಂದರೆ ಗೂಢವಾಗಿ ಆಮಿಷವನ್ನೊಡ್ಡಿ, ಪರೀಕ್ಷಿಸುವ ವಿಧಾನವುಂಟು. ಅದು ಅರಸರಿಗೆ ಸಾಧ್ಯವಾದ ಮಾರ್ಗ, ಗ್ರಾಮಸಭೆಗೆ ಗೂಢಚಾರರೆಲ್ಲಿ? ಸಭೆಯವರು ಲೆಕ್ಕವನ್ನು ಹಿಡಿದರು. ಹಿಂದೆ ವಾರಿಯದಲ್ಲಿದ್ದು ಲೆಕ್ಕವನ್ನೊಪ್ಪಿಸದವನ ಹೆಸರು ಓಲೆಗೆ ಏರಕೂಡದು. ಅಷ್ಟೇ ಅಲ್ಲ, 921ರ ಶಾಸನವು ಅವನ ತಂದೆ, ಮಗ, ಸೋದರ, ಮಾವ, ಅಳಿಯ, ಭಾವಮೈದುನ, ಸೋದರಮಾವ, ಚಿಕ್ಕಮ್ಮ ದೊಡ್ಡಮ್ಮಂದಿರ ಮಕ್ಕಳು ಇವರೆಲ್ಲರನ್ನೂ ಒಬ್ಬೊಬ್ಬರನ್ನಾಗಿ ಎಣಿಸಿ ಹೊರಗಿಡುತ್ತದೆ. ಎರಡೇ ವರ್ಷಗಳಲ್ಲಿ ನಿಯಮವನ್ನು ಮತ್ತೆ ಬರೆಯಬೇಕಾಯಿತೆಂಬುದೂ ಗಮನಾರ್ಹ. ಲೆಕ್ಕ ತಪ್ಪಿಸಿದವನು ತನಗೆ ಬದಲಾಗಿ ನಂಟನನ್ನು ಮುಂದೆ ಮಾಡುವ ಉಪಾಯವು ಅಂದಿಗೇ ರೂಢವಾಗಿದ್ದಿರಬೇಕೆಂದು ನಮ್ಮ ಊಹೆ.

ಉತ್ತರಮೇರೂರು ಬ್ರಾಹ್ಮಣರ ಚತುರ್ವೇದಿಮಂಗಲವೆಂಬುದನ್ನೂ, ಸ್ತ್ರೀಯರಿಗೂ ಉಳುವವರಿಗೂ ಆ ಸಭೆಯಲ್ಲಿ ಸ್ಥಾನವಿರಲಿಲ್ಲವೆಂಬುದನ್ನೂ ಪ್ರಶಂಸೆಯ ಭರದಲ್ಲಿ ಮರೆಯಲಾಗದು.

ನಮ್ಮ ಕಾಲದಲ್ಲಿ, ಅಭ್ಯರ್ಥಿಯ ಪೂರ್ವವೃತ್ತಾಂತವನ್ನು ತಿಳಿಯುವುದು ಮತದಾರನ ಹಕ್ಕೆಂದು ಭಾರತದ ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ತೀರ್ಪಿತ್ತಿತು. ಅದನ್ನು ಸಂಕುಚಿತಗೊಳಿಸಿದ ಶಾಸನಭಾಗವನ್ನು 2003ರಲ್ಲಿ ರದ್ದುಮಾಡಿತು. ಅಂದಿನಿಂದ ಅಭ್ಯರ್ಥಿಯು ಮೊಕದ್ದಮೆ, ಆಸ್ತಿ, ಸಾಲ, ವಿದ್ಯಾಭ್ಯಾಸಗಳನ್ನು ಪ್ರಮಾಣಪತ್ರದಲ್ಲಿ ತಿಳಿಸಬೇಕಾಗಿದೆ. ಉತ್ತರಮೇರೂರಿನಲ್ಲಿ ಅಭ್ಯರ್ಥಿಯ ಪರವಾಗಿಯೋ ವಿರೋಧವಾಗಿಯೋ ಸಾಕ್ಷಿ ನುಡಿಯುತ್ತಿದ್ದುದು ಊರಿನ ಲೆಕ್ಕ. ಇಲ್ಲಿ ಅಭ್ಯರ್ಥಿಯೇ ತನಗೆ ಸಾಕ್ಷಿ. ಅದನ್ನು ಓದಿ ತೂಗುವ ಭಾರವು ಒಬ್ಬೊಬ್ಬ ಮತದಾರನದು. ಪ್ರಮಾಣಪತ್ರದಲ್ಲಿ ಪತಿಪತ್ನಿಯರ ಮತ್ತು ಅವಲಂಬಿತರ ಆಸ್ತಿಯನ್ನು ಕೇಳುತ್ತಾರೆ. ಸ್ವತಂತ್ರವಾಗಿ ಬಾಳುವ ಅಳಿಯನೂ ಭಾವಮೈದುನನೂ ಅದರೊಳಗೆ ಬರುವುದಿಲ್ಲ.