ಕುವೈತ್‌ನಲ್ಲಿ ಮಾನವ ಕಳ್ಳಸಾಗಣೆ ತಡೆ

ದುಡಿಯಲು ಬಂದ ವಿದೇಶಿಯರನ್ನು ವಂಚನೆ ಮತ್ತು ಬಲವಂತದ ದುಡಿಮೆಯಿಂದ ಕಾಪಾಡಲು ಕುವೈತ್ ಸರಕಾರ, ಕಾರ್ಮಿಕರನ್ನು ಕಳುಹಿಸುವ ದೇಶಗಳು ಹಾಗೂ ಸ್ವಯಂಸೇವಾ ಸಂಘಗಳು ಕೈಗೊಂಡಿರುವ ಕ್ರಮಗಳು. ಇಲ್ಲಿ ಶೋಷಣೆಗೆ ಸಿಲುಕಿದವರಲ್ಲಿ ಭಾರತ, ಬಾಂಗ್ಲಾದೇಶ, ಶ್ರೀಲಂಕಾ, ಫಿಲಿಪ್ಪೀನ್ಸ್‌ಗಳಿಂದ ವೀಸಾ ಪಡೆದೇ ಬಂದ ಮನೆಗೆಲಸದವರೂ ಕೂಲಿಗಳೂ ಬಹಳ ಮಂದಿ.

ಮೂಲ ಕಾರಣ: ಕಫಾಲಾ ಪದ್ಧತಿಯಲ್ಲಿ ಕೆಲಸಗಾರರ ವಾಸದ ಪರವಾನಗಿ ಮಾಲೀಕನ (ಕಫೀಲನ) ಕೈಯಲ್ಲಿರುತ್ತದೆ. ಹಿಂಸೆ ತಾಳದೆ ಮನೆ ಬಿಟ್ಟವರ ಮೇಲೂ 'ಪರಾರಿ' ಎಂಬ ದೂರು ದಾಖಲಾಗಬಹುದು. ಕೆಲಸವೇ ಇಲ್ಲದ ಕಂಪನಿಗಳ ಹೆಸರಿನಲ್ಲಿ ವೀಸಾ ಮಾರುವ ದಂಧೆಯೂ ಇದೆ.

ಕಾನೂನು: ಬಲವಂತದ ದುಡಿಮೆಯ ವಿರುದ್ಧದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಎರಡು ಒಪ್ಪಂದಗಳನ್ನು ಕುವೈತ್ 1961 ಮತ್ತು 1968ರಲ್ಲಿ ಅನುಮೋದಿಸಿತು, 2006ರಲ್ಲಿ ಕಳ್ಳಸಾಗಣೆ ಕುರಿತ ವಿಶ್ವಸಂಸ್ಥೆಯ ಪಾಲೆರ್ಮೊ ಒಪ್ಪಂದಕ್ಕೆ ಸೇರಿತು. 2013ರ 91ನೆಯ ಕಾನೂನು ಕಳ್ಳಸಾಗಣೆಗೆ 15 ವರ್ಷದಿಂದ ಜೀವಾವಧಿಯವರೆಗೆ ಸೆರೆವಾಸ ವಿಧಿಸುತ್ತದೆ. 2015ರ 68ನೆಯ ಕಾನೂನು ಮನೆಗೆಲಸದವರಿಗೆ ವಾರದ ರಜೆ ಹಾಗೂ ದಿನಕ್ಕೆ 12 ಗಂಟೆಗಳ ದುಡಿಮೆಯ ಮಿತಿಯನ್ನು ಕೊಟ್ಟಿತು. ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವುದನ್ನು ನಿಷೇಧಿಸಿತು. ಮರುವರ್ಷ ಇವರ ಕನಿಷ್ಠ ಸಂಬಳ ತಿಂಗಳಿಗೆ 60 ದಿನಾರ್ ಎಂದು ನಿಗದಿಯಾಯಿತು. 2020ರಲ್ಲಿ ಕಳ್ಳಸಾಗಣೆ ಆರೋಪದ ಮೇಲೆ ಬಾಂಗ್ಲಾದೇಶದ ಸಂಸದರೊಬ್ಬರನ್ನೇ ಬಂಧಿಸಲಾಯಿತು. ಮರುವರ್ಷ ಲಂಚದ ಪ್ರಕರಣದಲ್ಲಿ ಅವರಿಗೆ ಶಿಕ್ಷೆಯಾಯಿತು.

ದೇಶಗಳ ನಡುವಿನ ಸಹಕಾರ: ಮನೆಗೆಲಸದ ಮಹಿಳೆಯೊಬ್ಬರ ಕೊಲೆ ಬೆಳಕಿಗೆ ಬಂದ ಮೇಲೆ ಫಿಲಿಪ್ಪೀನ್ಸ್ ತನ್ನವರನ್ನು ಕಳುಹಿಸುವುದನ್ನು ತಡೆಹಿಡಿದು, 2018ರ ಮೇ ತಿಂಗಳಲ್ಲಿ ಅವರ ರಕ್ಷಣೆಗಾಗಿ ಕುವೈತ್‌ನೊಡನೆ ಒಪ್ಪಂದ ಮಾಡಿಕೊಂಡಿತು. ಭಾರತ 2007ರಲ್ಲಿ ಕಾರ್ಮಿಕ ಒಪ್ಪಂದಕ್ಕೂ 2021ರ ಜೂನ್‌ನಲ್ಲಿ ಮನೆಗೆಲಸದವರ ನೇಮಕಾತಿ ಒಪ್ಪಂದಕ್ಕೂ ಸಹಿ ಹಾಕಿತು. ಭಾರತದ ನಿಯಮದಂತೆ ವಲಸೆ ತಪಾಸಣೆ ಅಗತ್ಯವಿರುವ (ಇಸಿಆರ್) ಪಾಸ್‌ಪೋರ್ಟಿನ ಮಹಿಳೆಯರು 30 ವರ್ಷ ತುಂಬದೆ ಮನೆಗೆಲಸಕ್ಕೆ ಹೋಗುವಂತಿಲ್ಲ.

ಕನ್ನಡಿಗರ ಪಾತ್ರ: 2019ರಲ್ಲಿ ಉದ್ಯೋಗ ವಂಚನೆಗೆ ಸಿಲುಕಿ ಸಂಬಳವಿಲ್ಲದೆ ಕುವೈತ್‌ನಲ್ಲಿ ಉಳಿದ ಕರಾವಳಿಯ ಸುಮಾರು 35 ಯುವಕರು ವಿಡಿಯೊ ಮೂಲಕ ಮೊರೆಯಿಟ್ಟರು. ಮಂಗಳೂರಿನ ಶಾಸಕ ಡಿ. ವೇದವ್ಯಾಸ ಕಾಮತ್, ಭಾರತದ ರಾಯಭಾರ ಕಚೇರಿ ಮತ್ತು ಕುವೈತ್‌ನಲ್ಲಿ ನೆಲೆಸಿದ್ದ ಮಂಗಳೂರಿನವರು ಕೈಜೋಡಿಸಿದ್ದರಿಂದ ಜುಲೈನಿಂದ ಅವರು ತಂಡ ತಂಡವಾಗಿ ಊರು ಸೇರತೊಡಗಿದರು.

ಇಂದಿನ ಸ್ಥಿತಿ: 2024ರ ವಾಸ ಕಾನೂನು ವೀಸಾ ಮಾರಾಟವನ್ನು ಅಪರಾಧವಾಗಿಸಿದೆ. ಆದರೆ 2025ರ ಜುಲೈ 1ರಿಂದ ಖಾಸಗಿ ಕ್ಷೇತ್ರದ ವಿದೇಶಿ ನೌಕರರು ದೇಶ ಬಿಡಲು ಮಾಲೀಕರ ಒಪ್ಪಿಗೆಯೂ ಬೇಕು. ಪರವಾನಗಿ ಮಾಲೀಕನ ಕೈಯಲ್ಲಿರುವವರೆಗೆ ಯಾವ ಕಾನೂನೂ ಕಾರ್ಮಿಕರಿಗೆ ಪೂರ್ಣ ರಕ್ಷಣೆ ನೀಡಲಾರದು.