ನೆಲದ ಎಣ್ಣೆ, ಲೋಕದ ಬೆಲೆ

ಒಂದು ದೇಶದ ನೆಲದಲ್ಲಿ ದೊರೆತ ಸಂಪತ್ತು ಆ ದೇಶದ ಜನರ ಉಪಯೋಗಕ್ಕಾಗಿಯೇ ಉಳಿಯುವುದೊ, ಇಲ್ಲವೆ ಲೋಕದ ಪೇಟೆಗೆ ಹರಿದು ಹೋಗುವುದೊ ಎಂಬ ಪ್ರಶ್ನೆ ಹೊಸದಲ್ಲ. ಈಗ ಅದನ್ನು ಮುಖ್ಯವಾಗಿ ಖನಿಜ ತೈಲದ ವಿಷಯದಲ್ಲಿ ಕೇಳುತ್ತಾರೆ. ಕನ್ನಡ ನಾಡು ಇದೇ ಪ್ರಶ್ನೆಯನ್ನು ನೂರ ಅರವತ್ತು ವರ್ಷಗಳಷ್ಟು ಹಿಂದೆ ಹತ್ತಿಯ ವಿಷಯದಲ್ಲಿ ಎದುರಿಸಿತ್ತು. ಆದುದರಿಂದ ತೈಲದ ಚರಿತ್ರೆಗೆ ಕೈಯಿಕ್ಕುವ ಮುನ್ನ ಹತ್ತಿಯ ಚರಿತ್ರೆಯನ್ನು ಸಂಕ್ಷೇಪವಾಗಿ ನೆನೆಯುವುದು ಯುಕ್ತವಾದೀತು.

1861ರಲ್ಲಿ ಅಮೇರಿಕೆಯಲ್ಲಿ ಅಂತರ್ಯುದ್ಧ ಮೊದಲಾಯಿತು. ಉತ್ತರದವರ ನೌಕಾಪಡೆ ದಕ್ಷಿಣದ ಬಂದರಗಳನ್ನು ಮುಚ್ಚಿತು. ಲಂಕಾಶೈರಿನ ಗಿರಣಿಗಳಿಗೆ ಹತ್ತಿ ಬಾರದಾಯಿತು. ಧಾರವಾಡದ ರೈತರು 1840ರ ದಶಕದಿಂದಲೂ ಅಮೇರಿಕನ್ ಬೀಜದ ಹತ್ತಿಯನ್ನು ಬೆಳೆಯುತ್ತ ಬಂದಿದ್ದರು. ಅದು ಎತ್ತಿನ ಬಂಡಿಗಳಲ್ಲಿ ಘಟ್ಟವಿಳಿದು ಕುಮಟೆಗೆ ಬಂದು, ಅಲ್ಲಿಂದ ಮುಂಬಯಿಗೂ ಮುಂಬಯಿಯಿಂದ ಲಿವರ್‌ಪೂಲಿಗೂ ಹೋಗುತ್ತಿತ್ತು. ಬೆಲೆ ಒಮ್ಮೆಲೇ ಏರಿದಾಗ ರೈತನ ಕೈಯಲ್ಲಿ ಹಣ ಕಂಡಿತು. ಆದರೆ ಹುಬ್ಬಳ್ಳಿಯ, ಗದಗ-ಬೆಟಗೇರಿಯ ನೇಕಾರನು ತನ್ನ ಊರಿನ ಎರೆಹೊಲದಲ್ಲಿ ಬೆಳೆದ ಹತ್ತಿಯ ನೂಲಿಗೆ ಲಿವರ್‌ಪೂಲಿನ ಬೆಲೆಯನ್ನು ತೆರಬೇಕಾಯಿತು. ಹತ್ತಿಯ ಸಾಗಾಟದ ಅನುಕೂಲಕ್ಕಾಗಿ ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಹೀಗೆ ಅಗಲಿದ ಎರಡು ಕನ್ನಡ ಜಿಲ್ಲೆಗಳು ಮತ್ತೆ ಒಂದೇ ರಾಜ್ಯವನ್ನು ಸೇರಿದುದು 1956ರಲ್ಲಿ. 1865ರಲ್ಲಿ ಯುದ್ಧ ಮುಗಿದು ಬೆಲೆ ಕುಸಿಯಿತು. ಸಟ್ಟಾ ವ್ಯಾಪಾರಕ್ಕೆ ಸಾಲ ಕೊಟ್ಟಿದ್ದ ಬ್ಯಾಂಕ್ ಆಫ್ ಬಾಂಬೆ 1868ರಲ್ಲಿ ಮುಚ್ಚಿಹೋಯಿತು.

ಈ ಪ್ರಸಂಗದಲ್ಲಿ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ಕಾಣಬೇಕು. ಸರಕು ಎಲ್ಲಿಗೆ ಹೋಗುತ್ತದೆ ಎಂಬುದು ಒಂದು. ಅದರ ಬೆಲೆ ಎಲ್ಲಿ ಗೊತ್ತಾಗುತ್ತದೆ ಎಂಬುದು ಇನ್ನೊಂದು. ಬೆಟಗೇರಿಯ ಮಗ್ಗಕ್ಕೆ ಹೋದ ಹತ್ತಿ ಹಡಗನ್ನೇ ಕಾಣಲಿಲ್ಲ. ಆದರೂ ಅದರ ಬೆಲೆ ಹಡಗಿನಲ್ಲಿ ಹೋದ ಹತ್ತಿಯ ಬೆಲೆಯೇ ಆಗಿತ್ತು. ತೈಲದ ಚರ್ಚೆಯಲ್ಲಿ ಈ ಎರಡನ್ನೂ ಒಂದಾಗಿ ಬೆರಸುವುದರಿಂದಲೇ ಬಹಳಷ್ಟು ಗೊಂದಲ ಹುಟ್ಟಿದೆ.

ಭಾರತದಲ್ಲಿ ತೈಲದ ಉದ್ಯಮ ಅಸ್ಸಾಮಿನ ದಿಗ್ಬೋಯಿಯಲ್ಲಿ ಮೊದಲಾಯಿತು. ಅಲ್ಲಿ 1889ರಲ್ಲಿ ಬಾವಿ ತೋಡಿದರು; 1901ರಲ್ಲಿ ಶುದ್ಧೀಕರಣ ಕೇಂದ್ರ ನಡೆಯತೊಡಗಿತು. 1937ರ ವರೆಗೆ ಬ್ರಹ್ಮದೇಶವೂ ಬ್ರಿಟಿಷ್ ಭಾರತದ ಭಾಗವಾಗಿದ್ದುದರಿಂದ ಅಲ್ಲಿಯ ಎಣ್ಣೆಯೂ ಆ ಕಾಲಕ್ಕೆ ಸ್ವದೇಶದ ಎಣ್ಣೆಯೇ. ಆದರೆ ಎರಡನೆಯ ಮಹಾಯುದ್ಧದ ವರೆಗೂ ಲೋಕದಲ್ಲೆಲ್ಲ ತೈಲದ ಬೆಲೆಯನ್ನು ಎಣಿಸುವ ಕ್ರಮವೊಂದಿತ್ತು. ಎಣ್ಣೆ ಎಲ್ಲಿಯದೇ ಇರಲಿ, ಅದು ಮೆಕ್ಸಿಕೊ ಕೊಲ್ಲಿಯ ಅಮೇರಿಕನ್ ಬಂದರಿನಿಂದ ಬಂದಿತೆಂದು ಭಾವಿಸಿ, ಅಲ್ಲಿಯ ಬೆಲೆಗೆ ಹಡಗಿನ ಬಾಡಿಗೆಯನ್ನು ಕೂಡಿಸುತ್ತಿದ್ದರು. ತರುವಾಯ ಮೆಕ್ಸಿಕೊ ಕೊಲ್ಲಿಯ ಸ್ಥಾನವನ್ನು ಪರ್ಶಿಯದ ಕೊಲ್ಲಿ ಪಡೆಯಿತು. ಲೆಕ್ಕದ ತತ್ವ ಮಾತ್ರ ಬದಲಾಗಲಿಲ್ಲ. ಸ್ವತಂತ್ರ ಭಾರತದ ಸರಕಾರವೂ ಕಂಪನಿಗಳೊಡನೆ ಇದೇ ತತ್ವವನ್ನು ಒಪ್ಪಿಕೊಂಡಿತು. ಅಸ್ಸಾಮಿನಲ್ಲಿ ಹುಟ್ಟಿ ಅಸ್ಸಾಮಿನಲ್ಲಿಯೇ ಶುದ್ಧವಾದ ಎಣ್ಣೆಗೆ ಅದು ಎಂದೂ ದಾಟದ ಸಮುದ್ರದ ಬಾಡಿಗೆಯೂ ಬೀಳುತ್ತಿತ್ತು. 1961ರಲ್ಲಿ ದಾಮ್ಲೆ ಸಮಿತಿ, 1965ರಲ್ಲಿ ತಾಲೂಕದಾರ ಸಮಿತಿ, 1969ರಲ್ಲಿ ಶಾಂತಿಲಾಲ ಶಾಹ ಸಮಿತಿ ಈ ಲೆಕ್ಕವನ್ನು ಸೋಸಿ ಸೋಸಿ ಇಳಿಸಿದವು; ಆದರೆ ಅದರ ಬುಡವನ್ನು ಕೀಳಲಿಲ್ಲ.

ಕೇಶವದೇವ ಮಾಲವೀಯರ ನೇತೃತ್ವದಲ್ಲಿ ಸರಕಾರ ತಾನೇ ತೈಲಶೋಧಕ್ಕೆ ಇಳಿದುದು ಈ ಕಾಲದಲ್ಲಿಯೇ. 1956ರಲ್ಲಿ ತೈಲ ಮತ್ತು ನೈಸರ್ಗಿಕ ಅನಿಲ ಆಯೋಗ ಸ್ಥಾಪನೆಯಾಯಿತು. 1958ರಲ್ಲಿ ಖಂಬಾಯತಿಯಲ್ಲಿ, 1960ರಲ್ಲಿ ಅಂಕಲೇಶ್ವರದಲ್ಲಿ ಎಣ್ಣೆ ಸಿಕ್ಕಿತು. 1960ರಲ್ಲಿ ಸೋವಿಯತ್ ದೇಶ ಅಗ್ಗದ ಕಚ್ಚಾ ತೈಲವನ್ನು ರೂಪಾಯಿಯ ಲೆಕ್ಕದಲ್ಲಿ ಕೊಡಲು ಮುಂದೆ ಬಂದಾಗ, ಅದನ್ನು ಶುದ್ಧಮಾಡಲು ವಿದೇಶೀ ಕಂಪನಿಗಳ ಶುದ್ಧೀಕರಣ ಕೇಂದ್ರಗಳು ಒಪ್ಪಲಿಲ್ಲ. ಆದರೂ ಆ ಪ್ರಸ್ತಾಪದ ಬಲದಿಂದ ಕಂಪನಿಗಳು ತಮ್ಮ ಬೆಲೆಯಲ್ಲಿ ರಿಯಾಯಿತಿ ಕೊಡಬೇಕಾಯಿತು. ನೆಲದಲ್ಲಿ ಎಣ್ಣೆ ಇದ್ದರೆ ಸಾಲದು, ಅದನ್ನು ಶುದ್ಧಮಾಡುವ ಕುಲುಮೆಯೂ ಕೈಯಲ್ಲಿರಬೇಕೆಂಬ ಪಾಠವನ್ನು ಸರಕಾರ ಆಗ ಕಲಿಯಿತು.

1973ರ ಅಕ್ಟೋಬರದಲ್ಲಿ ಪೀಪಾಯಿಗೆ ಸುಮಾರು 3 ಡಾಲರ್ ಇದ್ದ ಬೆಲೆ 1974ರ ಜನವರಿಗೆ 11 ಡಾಲರನ್ನು ಮೀರಿತು. ಮರುತಿಂಗಳಲ್ಲಿಯೇ ಮುಂಬಯಿಯ ಪಡುಗಡಲಿನಲ್ಲಿ 'ಸಾಗರ ಸಮ್ರಾಟ' ಎಂಬ ತೋಡುನೌಕೆ ಎಣ್ಣೆಯನ್ನು ಕಂಡಿತು. 1976ರ ಮೇ ತಿಂಗಳಲ್ಲಿ ಉತ್ಪಾದನೆ ಮೊದಲಾಯಿತು. ಅದೇ ವರ್ಷ ಕೃಷ್ಣಸ್ವಾಮಿ ಸಮಿತಿ ಆಮದಿನ ಬೆಲೆಯ ತತ್ವವನ್ನು ಬಿಟ್ಟು, ಉತ್ಪಾದನೆಯ ವೆಚ್ಚಕ್ಕೆ ನ್ಯಾಯವಾದ ಲಾಭವನ್ನು ಕೂಡಿಸುವ ತತ್ವವನ್ನು ಸೂಚಿಸಿತು. ಸರಕಾರ ಅದನ್ನು ಸ್ವೀಕರಿಸಿತು. ಸ್ವದೇಶದ ಎಣ್ಣೆಗೆ ಸ್ವದೇಶದ ಬೆಲೆ ಮೊದಲ ಸಲ ದೊರೆಯಿತು. ಆದರೆ ಬೆಲೆ ಮನೆಯಲ್ಲಿ ನಿಂತ ಈ ಕಾಲದಲ್ಲಿಯೇ, 1980ರ ದಶಕದ ಆದಿಯಲ್ಲಿ, ಮುಂಬಯಿ ಕಡಲಿನ ಎಣ್ಣೆಯ ಒಂದು ಭಾಗ ಹಡಗು ಹತ್ತಿ ಪರದೇಶಕ್ಕೆ ಹೋಯಿತು. ಉತ್ಪಾದನೆ ಬೆಳೆದ ವೇಗಕ್ಕೆ ಅದನ್ನು ಸಂಸ್ಕರಿಸುವ ಶಕ್ತಿ ದೇಶದಲ್ಲಿ ಬೆಳೆದಿರಲಿಲ್ಲ. ಅದೇ ವೇಳೆಗೆ ಪರದೇಶದ ಎಣ್ಣೆ ಒಳಗೆ ಬರುತ್ತಲೂ ಇತ್ತು.

ತಗ್ಗಿಸಿದ ಬೆಲೆಯ ಭಾರ ಎಲ್ಲಿಯೋ ಬೀಳಲೇಬೇಕು. ತೈಲದ ಸಮುಚ್ಚಯ ಖಾತೆಯೊಂದರಲ್ಲಿ ಲಾಭವನ್ನೂ ಹಾನಿಯನ್ನೂ ಸರಿದೂಗಿಸುವ ವ್ಯವಸ್ಥೆ 2002ರ ಮಾರ್ಚ್ 31ರ ವರೆಗೆ ನಡೆಯಿತು. ಮರುದಿನದಿಂದ ಆಡಳಿತ ನಿಯಂತ್ರಿತ ಬೆಲೆಯ ಕ್ರಮ ರದ್ದಾಗಿ ಸ್ವದೇಶದ ಕಚ್ಚಾ ತೈಲ ಮತ್ತೆ ಲೋಕದ ಬೆಲೆಗೆ ಕಟ್ಟುಬಿದ್ದಿತು. ಆದರೂ ಮುಂದಿನ ಹನ್ನೆರಡು ವರ್ಷ ಸರಕಾರೀ ಉತ್ಪಾದಕರು ಮಾರಾಟದ ಕಂಪನಿಗಳ ಹಾನಿಯನ್ನು ಹಂಚಿಕೊಳ್ಳಲು ತಮ್ಮ ಬೆಲೆಯಲ್ಲಿ ಸೋಡಿ ಕೊಡಬೇಕಾಗಿ ಬಂದಿತು.

ಎಣ್ಣೆ ಹೊರಗೆ ಹೋಗಬಹುದೇ ಎಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿದುದು ರಾಜಸ್ಥಾನದ ಬಾಡಮೇರಿನ ನಿಮಿತ್ತದಿಂದ. ಅಲ್ಲಿಯ ಮಂಗಲಾ ಕ್ಷೇತ್ರ 2004ರಲ್ಲಿ ಪತ್ತೆಯಾಗಿ 2009ರಲ್ಲಿ ಎಣ್ಣೆ ಕೊಡತೊಡಗಿತು. ಅದು ಮೇಣದಂತೆ ಗಟ್ಟಿಯಾಗುವ ಎಣ್ಣೆ. ಬಿಸಿಮಾಡಿದ ಕೊಳವೆಯಲ್ಲಿ ಗುಜರಾತಿನ ಕಡಲತೀರಕ್ಕೆ ಹೋಗಬೇಕು. ಸರಕಾರೀ ಶುದ್ಧೀಕರಣ ಕೇಂದ್ರಗಳು ಕೊಳ್ಳದೆ ಉಳಿದ ಎಣ್ಣೆಯನ್ನು ರಫ್ತು ಮಾಡಲು ಅನುಮತಿ ಬೇಕೆಂದು ಕೇರ್ನ್ ಇಂಡಿಯಾ ಕಂಪನಿ ದಿಲ್ಲಿಯ ಉಚ್ಚ ನ್ಯಾಯಾಲಯಕ್ಕೆ ಹೋಯಿತು. 2016ರ ಅಕ್ಟೋಬರದಲ್ಲಿ ಆ ಅರ್ಜಿ ತಿರಸ್ಕೃತವಾಯಿತು. ದೇಶ ಸ್ವಾವಲಂಬಿಯಾಗುವ ವರೆಗೆ ಕಚ್ಚಾ ತೈಲ ಹೊರಗೆ ಹೋಗಕೂಡದೆಂಬ ನೀತಿ ಉಳಿಯಿತು. 2022ರ ಅಕ್ಟೋಬರ 1ರಿಂದ ಉತ್ಪಾದಕರಿಗೆ ದೇಶದೊಳಗೆ ಯಾರಿಗಾದರೂ ಮಾರುವ ಸ್ವಾತಂತ್ರ್ಯ ದೊರೆತರೂ ರಫ್ತಿನ ನಿಷೇಧ ಸಡಿಲಲಿಲ್ಲ.

ಆದರೆ ಈ ನಿಷೇಧ ಕಚ್ಚಾ ತೈಲಕ್ಕೆ ಮಾತ್ರ. ಅದೇ ಎಣ್ಣೆ ಕುಲುಮೆಯನ್ನು ಹೊಕ್ಕು ಡೀಸೆಲ್ಲಾಗಿ ಹೊರಬಂದರೆ ಹಡಗನ್ನು ಹತ್ತಬಹುದು. ಅಮೇರಿಕೆಯ ಅನುಭವವೂ ಇದೇ. ಆ ದೇಶ 1975ರಲ್ಲಿ ಕಚ್ಚಾ ತೈಲದ ರಫ್ತನ್ನು ನಿಷೇಧಿಸಿ 2015ರ ಡಿಸೆಂಬರದಲ್ಲಿ ಆ ನಿಷೇಧವನ್ನು ತೆಗೆಯಿತು. ಕೊನೆಯ ವರ್ಷಗಳಲ್ಲಿ ಅಲ್ಲಿಯ ಕಚ್ಚಾ ತೈಲ ಲೋಕದ ಬೆಲೆಗಿಂತ ಅಗ್ಗವಾಗಿತ್ತು; ಆದರೆ ಪೆಟ್ರೋಲಿನ ರಫ್ತಿಗೆ ತಡೆಯಿರಲಿಲ್ಲವಾಗಿ ಅಂತರದ ಬಹುಭಾಗ ಶುದ್ಧೀಕರಣದ ಕಂಪನಿಗಳಲ್ಲಿಯೇ ಉಳಿಯಿತಲ್ಲದೆ ಗ್ರಾಹಕನ ವರೆಗೆ ಬರಲಿಲ್ಲ. ಭಾರತ ಸರಕಾರ 2022ರ ಜುಲೈ 1ರಿಂದ ಸ್ವದೇಶದ ಕಚ್ಚಾ ತೈಲದ ಮೇಲೆ ಟನ್ನಿಗೆ 23,250 ರೂಪಾಯಿಗಳ ವಿಶೇಷ ಸುಂಕವನ್ನೂ, ರಫ್ತಾಗುವ ಡೀಸೆಲ್ಲಿನ ಮೇಲೆ ಲೀಟರಿಗೆ 13 ರೂಪಾಯಿಗಳನ್ನೂ ಹೇರಿತು. 2024ರ ಡಿಸೆಂಬರದಲ್ಲಿ ಅದನ್ನು ರದ್ದುಗೊಳಿಸಿತು. ಬೆಲೆಯನ್ನು ಇಳಿಸಲಾರದೆ ಅಂತರವನ್ನು ಬೊಕ್ಕಸಕ್ಕೆ ತರುವ ಉಪಾಯ ಅದು.

ಕುಮಟೆಯಿಂದ ಹತ್ತಿ ಹೊರಗೆ ಹೋದ ಅದೇ ಕರಾವಳಿಯಲ್ಲಿ ಇಂದು ಎಣ್ಣೆ ಒಳಗೆ ಬರುತ್ತಿದೆ. ಮಂಗಳೂರಿನ ನೆಲದಡಿಯ ಗುಹೆಗಳು 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನವು 25 ಲಕ್ಷ ಟನ್ ಹಿಡಿಯಬಲ್ಲವು. ಮಂಗಳೂರಿನ ಗುಹೆಯಲ್ಲಿ ಅಬುಧಾಬಿಯ ತೈಲ ಕಂಪನಿ 2018ರಲ್ಲಿ ತನ್ನ ಎಣ್ಣೆಯನ್ನು ತುಂಬಿಸಿತು. ನೆಲ ಕನ್ನಡದ್ದು, ಎಣ್ಣೆ ಪರರದ್ದು. ಆದರೆ ಆಪತ್ತಿನ ಕಾಲಕ್ಕೆ ಅದರ ಮೇಲೆ ಮೊದಲ ಹಕ್ಕು ಭಾರತದ್ದೆಂದು ಕರಾರಾಗಿದೆ. ಗಡಿಯ ತಡೆಗಿಂತ ಇಂಥ ಕರಾರು ಆಪತ್ತಿನಲ್ಲಿ ಹೆಚ್ಚು ಒದಗಬಹುದು.

ಈ ಚರಿತ್ರೆಯಿಂದ ಏರ್ಪಡುವ ನಿರ್ಣಯವಿಷ್ಟು. ಸರಕನ್ನು ಗಡಿಯೊಳಗೆ ಹಿಡಿದಿಡಲು ಸರಕಾರದ ಆಜ್ಞೆ ಸಾಕು. ಬೆಲೆಯನ್ನು ಹಿಡಿದಿಡಬೇಕಾದರೆ ಲೋಕದ ಬೆಲೆಗೂ ಮನೆಯ ಬೆಲೆಗೂ ಇರುವ ಅಂತರವನ್ನು ಉತ್ಪಾದಕನೊ, ಬೊಕ್ಕಸವೊ, ಗ್ರಾಹಕನೊ ತೆರಲೇಬೇಕು. ತನಗೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುವ ದೇಶದಲ್ಲಿ ಈ ಅಂತರ ಚಿಕ್ಕದಲ್ಲ. ಮುಂಬಯಿಯಿಂದ ಪುಣೆಯ ಬಳಿಯ ಲೋಣಿಗೆ ಕೊಳವೆಯಲ್ಲಿ ಬರುವ ಡೀಸೆಲ್ಲಿನಲ್ಲಿ ಸ್ವದೇಶದ್ದೆಷ್ಟು, ಪರದೇಶದ್ದೆಷ್ಟು ಎಂದು ಬೇರ್ಪಡಿಸುವುದು ಸಾಧ್ಯವಿಲ್ಲ. ಬೆಲೆಯಲ್ಲಂತೂ ಆ ಭೇದವಿಲ್ಲ. ಆದುದರಿಂದ ಎಣ್ಣೆ ಮನೆಯಲ್ಲಿ ಉಳಿಯಿತೇ ಎಂದು ಕೇಳಿ ನಿಲ್ಲದೆ, ಅಂತರವನ್ನು ಯಾರು ತೆತ್ತರು ಎಂದೂ ಕೇಳಬೇಕು. 1863ರ ಬೆಟಗೇರಿಯ ನೇಕಾರನ ಪರವಾಗಿ ಆ ಪ್ರಶ್ನೆಯನ್ನು ಯಾವ ಸಮಿತಿಯೂ ಕೇಳಲಿಲ್ಲ. ಅಂತರವನ್ನು ಅವನೇ ತೆತ್ತನು.